ಒದೆಯುವ ಕಾಲಿಗೆ ಮಾತ್ರ ತೆರೆದ ಬಾಗಿಲು

1971ರ ಡಿಸೆಂಬರ್ 25ರಂದು ಕಾನ್ಸಾಸ್ ಸಿಟಿಯಲ್ಲಿ ಮಯಾಮಿ ಡಾಲ್ಫಿನ್ಸ್ ಮತ್ತು ಕಾನ್ಸಾಸ್ ಸಿಟಿ ಚೀಫ್ಸ್ ತಂಡಗಳ ನಡುವೆ ನಡೆದ ಪಂದ್ಯ ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗಾದ ಎನ್‌ಎಫ್‌ಎಲ್ ಇತಿಹಾಸದಲ್ಲೇ ಅತಿ ದೀರ್ಘವಾದದ್ದು. ಅರವತ್ತು ನಿಮಿಷಕ್ಕೆ ಮುಗಿಯಬೇಕಿದ್ದ ಆಟ 82 ನಿಮಿಷ 40 ಸೆಕೆಂಡುಗಳವರೆಗೆ ಬೆಳೆಯಿತು. ಎರಡೂ ಕಡೆ 24 ಅಂಕಗಳಾಗಿ, ನಿಗದಿತ ಅವಧಿಗೆ ಅರೆ ನಿಮಿಷವಷ್ಟೇ ಉಳಿದಿದ್ದಾಗ ಚೀಫ್ಸ್ ತಂಡದ ಯಾನ್ ಸ್ಟೆನೆರುಡ್ ಸುಮಾರು 31 ಗಜ ದೂರದಿಂದ ಒದ್ದ ಚೆಂಡು ಕಂಬದ ಹೊರಗೆ ಹೋಯಿತು. ಹೆಚ್ಚುವರಿ ಅವಧಿಯಲ್ಲಿ ಅವರ ಇನ್ನೊಂದು ಒದೆತವನ್ನು ಎದುರಾಳಿಗಳು ತಡೆದರು. ಕೊನೆಗೆ ಡಾಲ್ಫಿನ್ಸ್ ತಂಡದ ಗಾರೊ ಯೆಪ್ರಿಮಿಯನ್ 37 ಗಜದಿಂದ ಒದ್ದ ಚೆಂಡು ಕಂಬಗಳ ನಡುವೆ ಹಾದು, 27-24ರಲ್ಲಿ ಆಟ ಮುಗಿಯಿತು. ಸ್ಟೆನೆರುಡ್ ನಾರ್ವೆಯವರು, ಹಿಮದ ಮೇಲೆ ಸ್ಕೀ ಜಿಗಿತಕ್ಕೆಂದು ವಿದ್ಯಾರ್ಥಿವೇತನ ಪಡೆದು ಮೊಂಟಾನಾ ರಾಜ್ಯಕ್ಕೆ ಬಂದವರು. ಯೆಪ್ರಿಮಿಯನ್ ಸೈಪ್ರಸ್ ದ್ವೀಪದ ಲಾರ್ನಕಾದಲ್ಲಿ ಅರ್ಮೇನಿಯನ್ ತಂದೆತಾಯಿಗಳಿಗೆ ಹುಟ್ಟಿದವರು. ಅಮೆರಿಕನ್ನರು ತಮ್ಮದೇ ಎಂದು ಹೆಮ್ಮೆಪಡುವ ಆಟದ ಅತಿ ದೀರ್ಘ ಪಂದ್ಯದ ಹಣೆಬರಹ ಇಬ್ಬರು ವಲಸಿಗರ ಕಾಲಿನ ಮೇಲೆ ನಿಂತಿತ್ತು. ಪೆನ್ಸಿಲ್ವೇನಿಯದಲ್ಲಿ ಬಹುಕಾಲದಿಂದ ನೆಲೆಸಿರುವ ನನಗೆ ಈ ಆಟದ ಬೇರಾವ ಸಂಗತಿಯೂ ಇಷ್ಟು ಹತ್ತಿರದ್ದೆನಿಸಿಲ್ಲ.

ಈ ಆಟವನ್ನು ನೋಡಿ ರೂಢಿಯಿಲ್ಲದವರಿಗೆ ಕಿಕ್ಕರನ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಉಳಿದ ಆಟಗಾರರು ಗಜಗಜಕ್ಕೂ ಮೈಗೆ ಮೈ ಹಾಯ್ದು, ಬಿದ್ದು, ಎದ್ದು ಚೆಂಡನ್ನು ಮುಂದೆ ಒಯ್ಯುತ್ತಾರೆ. ಇನ್ನು ಮುಂದೆ ಹೋಗಲಾರೆವು ಎನ್ನಿಸಿದಾಗ ಕಿಕ್ಕರನನ್ನು ಕರೆಯುತ್ತಾರೆ. ಒಬ್ಬ ಚೆಂಡನ್ನು ಕಾಲುಗಳ ನಡುವಿನಿಂದ ಏಳೆಂಟು ಗಜ ಹಿಂದಕ್ಕೆ ಎಸೆಯುತ್ತಾನೆ, ಮಂಡಿಯೂರಿ ಕುಳಿತ ಇನ್ನೊಬ್ಬ ಅದನ್ನು ಹಿಡಿದು ನೆಲಕ್ಕೆ ನಿಲ್ಲಿಸುತ್ತಾನೆ, ಕಿಕ್ಕರ್ ಒದೆಯುತ್ತಾನೆ. ಇದೆಲ್ಲ ಒಂದೂವರೆ ಸೆಕೆಂಡಿನೊಳಗೆ ಆಗಬೇಕು. ಚೆಂಡು ಗೋಲುಕಂಬಗಳ ನಡುವೆ ಹಾದರೆ ಮೂರು ಅಂಕ; ಇದಕ್ಕೆ ಫೀಲ್ಡ್ ಗೋಲು ಎನ್ನುತ್ತಾರೆ. ಕಿಕ್ಕರ್ ಮತ್ತೆ ಅಂಚಿನ ಬೆಂಚಿಗೆ ಹೋಗಿ ಕೂರುತ್ತಾನೆ. ಪಂದ್ಯ ಮುಗಿದಾಗ ಮಣ್ಣಾಗದ ಅಂಗಿ ಅವನೊಬ್ಬನದೇ ಆಗಿರುವುದರಿಂದ, ಸ್ವಂತ ತಂಡದವರೂ ಅವನನ್ನು ಪೂರ್ತಿ ಆಟಗಾರನೆಂದು ಒಪ್ಪಲು ಹಿಂದೆಮುಂದೆ ನೋಡುತ್ತಿದ್ದ ಕಾಲವೊಂದಿತ್ತು.

1960ರ ದಶಕದವರೆಗೆ ಇಲ್ಲಿನ ಕಿಕ್ಕರುಗಳು ನೇರವಾಗಿ ಓಡಿಬಂದು ಕಾಲ್ಬೆರಳ ತುದಿಯಿಂದ ಒದೆಯುತ್ತಿದ್ದರು. 1956ರ ದಂಗೆಯ ನಂತರ ಹಂಗರಿಯಿಂದ ತಪ್ಪಿಸಿಕೊಂಡು ಬಂದ ಕುಟುಂಬದ ಪೀಟ್ ಗೊಗೊಲಾಕ್, ನಾವು ಫುಟ್‌ಬಾಲ್ ಎನ್ನುವ, ಇಲ್ಲಿನವರು ಸಾಕರ್ ಎನ್ನುವ ಆಟದಲ್ಲಿ ಕಲಿತಂತೆ ಓರೆಯಾಗಿ ಬಂದು ಪಾದದ ಮೇಲ್ಭಾಗದಿಂದ ಒದ್ದರು. ಪಾದದ ಹೆಚ್ಚು ಭಾಗ ಚೆಂಡಿಗೆ ತಾಗುವುದರಿಂದ ದೂರವೂ ಹಿಡಿತವೂ ಹೆಚ್ಚು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದಿ 1964ರಲ್ಲಿ ಬಫಲೊ ತಂಡ ಸೇರಿದ ಅವರನ್ನು 1966ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಸೆಳೆದುಕೊಂಡಾಗ, ಆಗ ಇದ್ದ ಎರಡು ಲೀಗುಗಳ ನಡುವೆ ಆಟಗಾರರಿಗಾಗಿ ಜಗ್ಗಾಟ ತೀವ್ರವಾಯಿತು. ಕೆಲವೇ ವಾರಗಳಲ್ಲಿ ಲೀಗುಗಳು ಒಂದಾಗುವ ಒಪ್ಪಂದವಾಗಲು ಅದೂ ಒಂದು ಕಾರಣ. ಆಮೇಲೆ ತಂಡಗಳು ಯುರೋಪಿನ ಕಾಲುಗಳನ್ನು ಹುಡುಕತೊಡಗಿದವು.

ಗಾರೊ ಯೆಪ್ರಿಮಿಯನ್ ಬಂದದ್ದು ಆ ಹೊತ್ತಿನಲ್ಲೇ. 1944ರಲ್ಲಿ ಹುಟ್ಟಿದ ಅವರು ಮನೆಯವರೊಂದಿಗೆ ಸೈಪ್ರಸ್‌ನಿಂದ ಲಂಡನ್ನಿಗೆ ಹೋಗಿದ್ದರು. ಅಣ್ಣ ಕ್ರಿಕೋರ್ ಸಾಕರ್ ವಿದ್ಯಾರ್ಥಿವೇತನದ ಮೇಲೆ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದವರು, ಈ ಒದೆತ ತಮ್ಮನಿಂದ ಆಗುವ ಕೆಲಸವೆಂದು ಕಂಡುಕೊಂಡರು. ಲಂಡನ್ನಿನಲ್ಲಿ ಹಣ ಪಡೆದು ಆಡಿದ್ದರಿಂದ ಗಾರೊಗೆ ಕಾಲೇಜು ತಂಡದಲ್ಲಿ ಆಡಲು ಅವಕಾಶವಿರಲಿಲ್ಲ. ಅಣ್ಣನೇ ಮಾತುಕತೆಗೆ ನಿಂತು, 1966ರಲ್ಲಿ ಡೆಟ್ರಾಯಿಟ್ ಲಯನ್ಸ್ ತಂಡದೊಂದಿಗೆ ಕರಾರಾಯಿತು. ಅವರು ಜೀವನದಲ್ಲಿ ಮೊದಲು ನೋಡಿದ ಎನ್‌ಎಫ್‌ಎಲ್ ಪಂದ್ಯ ಅವರೇ ಆಡಿದ ಪಂದ್ಯ. ಮುಖಕ್ಕೆ ಕಂಬಿಯಿಲ್ಲದ ಹೆಲ್ಮೆಟ್ ತೊಟ್ಟು ಆಡುತ್ತಿದ್ದವರು, ಗ್ರೀನ್ ಬೇ ತಂಡದ ರೇ ನಿಟ್ಸ್‌ಕಿ ಮೇಲೆ ಬಿದ್ದು ಗಾಯಗೊಳಿಸಿದ ಮೇಲೆ ಕಂಬಿ ಹಾಕಿಸಿಕೊಂಡರು. ಅದೇ ವರ್ಷದ ನವೆಂಬರ್ 13ರಂದು ಮಿನೆಸೋಟಾ ವೈಕಿಂಗ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ ಆರು ಫೀಲ್ಡ್ ಗೋಲುಗಳನ್ನು ಹೊಡೆದರು. ಅದು ಅಂದಿನ ದಾಖಲೆ. ಡೆಟ್ರಾಯಿಟ್ ಗೆದ್ದದ್ದು 32-31ರಲ್ಲಿ. ಆ 32ರಲ್ಲಿ ಫೀಲ್ಡ್ ಗೋಲುಗಳ 18 ಅಂಕಗಳು, ಆಟದ ನಿಯಮಗಳನ್ನು ಆಗಷ್ಟೇ ಕಲಿಯುತ್ತಿದ್ದ, ಗಿಡ್ಡ ಮೈಕಟ್ಟಿನ, ಬಕ್ಕತಲೆಯ 22 ವರ್ಷದ ಯುವಕನ ಎಡಗಾಲಿನಿಂದ ಬಂದಿದ್ದವು.

ಆದರೆ ಆ ಪಂದ್ಯಕ್ಕಿಂತ ಹೆಚ್ಚು ಜನರ ಬಾಯಲ್ಲಿ ಉಳಿದದ್ದು ಅವರ ಬಗೆಗಿನ ಹಾಸ್ಯದ ಕಥೆಗಳು. ಟಾಸ್ ಸೋತೆವು ಎಂದು ಕೋಚ್ ಹೇಳಿದಾಗ ನಾಣ್ಯ ಹುಡುಕಲು ಮೈದಾನದ ನಡುವಿಗೆ ಓಡಿದರಂತೆ. ತಂಡ ಸೋಲುತ್ತಿದ್ದಾಗಲೂ ಒಂದು ಅಂಕದ ಒದೆತಕ್ಕೆ ಕುಣಿದಾಡಿ ತಾನು ಟಚ್‌ಡೌನ್ (ಚೆಂಡನ್ನು ಹಿಡಿದು ಕೊನೆಯ ಗೆರೆ ದಾಟಿ ಗಳಿಸುವ ಆರು ಅಂಕ) ಒದ್ದೆ ಎಂದರಂತೆ. ಈ ಎರಡನೆಯದನ್ನು ಸಹ ಆಟಗಾರ ಅಲೆಕ್ಸ್ ಕರಾಸ್, ಗಾರೊ ಉಚ್ಚಾರಣೆಯನ್ನು ಅಣಕಿಸಿ ಟೆಲಿವಿಷನ್ನಿನಲ್ಲಿ ಹೇಳಿ ಜನಪ್ರಿಯಗೊಳಿಸಿದರು. ಹೊರದೇಶದ ಕಿಕ್ಕರನಿಂದ ಸೋತಾಗ ಎದುರಾಳಿ ತಂಡದ ಕೋಚ್ ನಾರ್ಮ್ ವ್ಯಾನ್ ಬ್ರಾಕ್ಲಿನ್, ಈ ದೇಶದ ವಲಸೆ ಕಾನೂನನ್ನೇ ಬದಲಿಸಬೇಕು ಎಂದರೆನ್ನುವ ಮಾತೂ ಪ್ರಚಾರದಲ್ಲಿದೆ. ಕಾನೂನು ನಿಜಕ್ಕೂ ಬದಲಾಗುತ್ತಿತ್ತು, ಆದರೆ ಬೇರೆ ದಿಕ್ಕಿನಲ್ಲಿ. 1965ರ ಕಾಯ್ದೆ ದೇಶವಾರು ಮೂಲವನ್ನು ನೋಡುವ ಹಳೆಯ ಪದ್ಧತಿಯನ್ನು ಕೈಬಿಟ್ಟು, ಕೌಶಲಕ್ಕೂ ಕುಟುಂಬಕ್ಕೂ ಬಾಗಿಲು ತೆರೆಯಿತು. ಮೈಸೂರು, ಬೆಂಗಳೂರು, ಮಣಿಪಾಲಗಳಿಂದ ವೈದ್ಯರೂ ಎಂಜಿನಿಯರುಗಳೂ ಇಲ್ಲಿಗೆ ಬಂದದ್ದು ಅದೇ ಬಾಗಿಲಿನಿಂದ. ಗಾರೊ ಮತ್ತು ನಮ್ಮ ಮೊದಲ ತಲೆಮಾರಿನ ಕನ್ನಡಿಗರು ಈ ದೇಶದ ಮಟ್ಟಿಗೆ ಸಮಕಾಲೀನರು.

ಸೇನೆಯಲ್ಲಿ ಕೆಲಕಾಲ ಸೇವೆ ಸಲ್ಲಿಸಿ, ತಂಡವಿಲ್ಲದ ದಿನಗಳಲ್ಲಿ ನೆಕ್‌ಟೈ ಹೊಲಿದು ಮಾರಿ, ಗಾರೊ 1970ರಲ್ಲಿ ಮಯಾಮಿ ಸೇರಿದರು. 1972ರ ಸಾಲಿನಲ್ಲಿ ಆ ತಂಡ ಒಂದೂ ಪಂದ್ಯ ಸೋಲದೆ 1973ರ ಜನವರಿ 14ರಂದು ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ತಲುಪಿತು. ಕೊನೆಗೆ ಎರಡು ನಿಮಿಷ ಚಿಲ್ಲರೆ ಉಳಿದಿದ್ದಾಗ ಮಯಾಮಿ 14-0 ಮುಂದಿತ್ತು. ಗಾರೊ 42 ಗಜದ ಫೀಲ್ಡ್ ಗೋಲಿಗೆ ಒದ್ದ ಚೆಂಡನ್ನು ಎದುರಾಳಿ ವಾಷಿಂಗ್ಟನ್ ತಂಡದ ಬಿಲ್ ಬ್ರಂಡಿಜ್ ತಡೆದರು. ಪುಟಿದು ಬಂದ ಚೆಂಡನ್ನು ಗಾರೊ ಎತ್ತಿಕೊಂಡರು. ಹಾಗೇ ಅದರ ಮೇಲೆ ಬಿದ್ದುಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅವರು ಎಂದೂ ಮಾಡಿರದ ಕೆಲಸಕ್ಕೆ, ಚೆಂಡನ್ನು ಮುಂದೆ ಎಸೆಯಲು, ಕೈ ಎತ್ತಿದರು. ಚೆಂಡು ಕೈಯಿಂದ ಜಾರಿತು, ಅದನ್ನು ಮತ್ತೆ ಮೇಲಕ್ಕೆ ತಟ್ಟಿದರು, ವಾಷಿಂಗ್ಟನ್ನಿನ ಮೈಕ್ ಬಾಸ್ ಹಿಡಿದು 49 ಗಜ ಓಡಿ ಟಚ್‌ಡೌನ್ ಗಳಿಸಿದರು. ಮಯಾಮಿ 14-7ರಲ್ಲಿ ಗೆದ್ದು, ಹದಿನೇಳಕ್ಕೆ ಹದಿನೇಳೂ ಗೆದ್ದ ಏಕೈಕ ತಂಡವಾಗಿ ಇಂದಿಗೂ ಉಳಿದಿದೆ. ಗೆದ್ದ ತಂಡದ ಔತಣದಿಂದ, ಮನಸ್ಸಿನ ಒತ್ತಡಕ್ಕೆ ಬಲಗಡೆಯ ಮೈಯೆಲ್ಲ ನೋಯುತ್ತಿದ್ದ ಗಾರೊ ಅವರನ್ನು ಅಣ್ಣ ಆಸರೆ ಕೊಟ್ಟು ಕರೆದೊಯ್ಯಬೇಕಾಯಿತು. ಎರಡು ವಾರ ಅವರು ಯಾರಿಗೂ ಮುಖ ತೋರಿಸಲಿಲ್ಲ.

ಆಗ ಕೋಚ್ ಡಾನ್ ಶೂಲಾ ಅವರ ಸಹಿಯಿದ್ದ ಒಂದು ಪತ್ರ ಬಂತು. ತಂಡಕ್ಕೆ ನಿನ್ನ ಕೊಡುಗೆ ದೊಡ್ಡದು, ಟೀಕೆಗಳಿಗೆ ಕಿವಿಗೊಡಬೇಡ ಎಂಬ ಅರ್ಥದ ಪತ್ರ. ಅದನ್ನು ಜೋಪಾನ ಮಾಡಿಟ್ಟುಕೊಂಡ ಗಾರೊ 2000ದಲ್ಲಿ ಶೂಲಾ ಅವರ ಬಳಿ ಆ ವಿಷಯ ಎತ್ತಿದಾಗ, ಶೂಲಾ ಅವರಿಗೆ ಅಂಥ ಪತ್ರವೊಂದಿದೆ ಎಂದೇ ತಿಳಿದಿರಲಿಲ್ಲ. ಅದನ್ನು ಬರೆದು ಗಂಡನ ಹೆಸರು ಹಾಕಿದವರು 1991ರಲ್ಲಿ ತೀರಿಕೊಂಡಿದ್ದ ಅವರ ಪತ್ನಿ ಡೊರೊಥಿ ಎಂದು ಇಬ್ಬರೂ ತೀರ್ಮಾನಿಸಿದರು. ಗಾರೊ ಜೀವನದಲ್ಲಿ ನನ್ನನ್ನು ಹೆಚ್ಚು ಕಲಕಿದ ಸಂಗತಿ ಇದು. ಸಾವಿರಾರು ಜನ ಕೂಗಿ ಹುರಿದುಂಬಿಸುವ, ಕೋಟಿಗಟ್ಟಲೆ ಜನ ನೋಡುವ ಆಟದಲ್ಲಿ, ಕುಸಿದ ಮನುಷ್ಯನನ್ನು ವಿಚಾರಿಸಿಕೊಂಡದ್ದು ತಂಡದ ವ್ಯವಸ್ಥೆಯಲ್ಲ, ಕೋಚ್ ಮನೆಯ ಹೆಂಗಸಿನ ಅಂತಃಕರಣ.

ಇಲ್ಲಿ ನನಗೆ ನಮ್ಮ ಬಿ.ಎಸ್. ಚಂದ್ರಶೇಖರ್ ನೆನಪಾಗುತ್ತಾರೆ. ಅವರು 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ಗಾರೊಗಿಂತ ಒಂದು ವರ್ಷ ಚಿಕ್ಕವರು. ಪೋಲಿಯೊದಿಂದ ಸೊರಗಿದ ಬಲಗೈಯಿಂದಲೇ 58 ಟೆಸ್ಟುಗಳಲ್ಲಿ 242 ವಿಕೆಟ್ ಪಡೆದರು; ಟೆಸ್ಟುಗಳಲ್ಲಿ ಅವರು ಗಳಿಸಿದ ಒಟ್ಟು ಓಟಗಳು 167. 1971ರ ಆಗಸ್ಟಿನಲ್ಲಿ, ಕಾನ್ಸಾಸ್ ಸಿಟಿಯ ಆ ದೀರ್ಘ ಪಂದ್ಯಕ್ಕೆ ನಾಲ್ಕು ತಿಂಗಳ ಮುಂಚೆ, ಓವಲ್ ಮೈದಾನದಲ್ಲಿ 38 ಓಟಗಳಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಸರಣಿ ಗೆಲ್ಲಿಸಿಕೊಟ್ಟರು. ಒಂದೇ ಕೆಲಸವನ್ನು ಅಸಾಧಾರಣವಾಗಿ ಬಲ್ಲ, ಇನ್ನೊಂದರಲ್ಲಿ ಕೈಸಾಗದ ಆಟಗಾರರು ಇಬ್ಬರೂ. ಚಂದ್ರ ಅವರ ಬ್ಯಾಟಿಂಗನ್ನು ಕಂಡು ನಗದವರಿಲ್ಲ; ಸಾಲು ಸೊನ್ನೆಗಳಿಗಾಗಿ ಆಸ್ಟ್ರೇಲಿಯಾದಲ್ಲಿ ನಡುವೆ ತೂತು ಕೊರೆದ ಬ್ಯಾಟನ್ನೇ ಅವರಿಗೆ ಕೊಟ್ಟರು. ಆದರೆ ಆ ನಗೆ ಅವರು ಬೌಲಿಂಗಿಗೆ ಓಡಿಬರುವಾಗ ನಿಂತುಹೋಗುತ್ತಿತ್ತು, ಮತ್ತು ಅವರು ಕ್ರಿಕೆಟಿಗರೇ ಅಲ್ಲ ಎಂಬ ಮಾತನ್ನು ಯಾರೂ ಆಡಲಿಲ್ಲ. ಗಾರೊ ಅವರನ್ನು ಮಾತ್ರ ವಿಮಾನ ನಿಲ್ದಾಣಗಳಲ್ಲಿ ಕಂಡವರು, ಸೂಪರ್ ಬೌಲಿನಲ್ಲಿ ಎಡವಟ್ಟು ಮಾಡಿದವ ಎಂದೇ ಬೆರಳು ತೋರಿಸುತ್ತಿದ್ದರು. ತನ್ನ ವಿದ್ಯೆಯಲ್ಲದ ವಿದ್ಯೆಯಲ್ಲಿ ಸೋತದ್ದಕ್ಕೆ, ತನ್ನ ವಿದ್ಯೆಯಲ್ಲಿ ಗಳಿಸಿದ 1,074 ಅಂಕಗಳೂ ಹಿಂದೆ ಸರಿದವು.

ಇದರಿಂದ ನಮ್ಮ ರೀತಿಯೇ ಮೇಲು ಎಂದು ಹೇಳಲು ನಾನು ಸಿದ್ಧನಿಲ್ಲ. ಚಂದ್ರ ನಮ್ಮ ಊರಿನವರು. ಊರಿನವನ ಕುಂದನ್ನು ಊರು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಹೊರಗಿನಿಂದ ಬಂದ, ಆಟವನ್ನೇ ನೋಡಿರದ ಯುವಕನೊಬ್ಬ ಬೆಂಗಳೂರಿನ ಯಾವುದೇ ಕ್ರಿಕೆಟ್ ಕ್ಲಬ್ಬಿಗೆ ಹೋಗಿ, ತನ್ನ ಕೈಯಲ್ಲಿ ಒಂದು ವಿದ್ಯೆಯಿದೆ, ಪರೀಕ್ಷಿಸಿ ನೋಡಿ ಎಂದರೆ, ಅವನನ್ನು ಅದೇ ವರ್ಷ ಮೊದಲ ದರ್ಜೆಯ ಪಂದ್ಯಕ್ಕೆ ಇಳಿಸುವ ಧೈರ್ಯ ನಮಗಿದೆಯೇ? ಶಿಫಾರಸು, ವಯೋಮಿತಿ, ಯಾರ ಕೈಕೆಳಗೆ ಕಲಿತ ಎಂಬ ಪ್ರಶ್ನೆ ಇವೆಲ್ಲ ಮೊದಲು ಬರುತ್ತವೆ. ಡೆಟ್ರಾಯಿಟ್ ನೋಡಿದ್ದು ಒದೆತವನ್ನು ಮಾತ್ರ. ಆ ನಿರ್ಲಿಪ್ತ ನ್ಯಾಯಕ್ಕೆ ನಾನು ಗೌರವ ಕೊಡುತ್ತೇನೆ, ಏಕೆಂದರೆ ನನ್ನಂಥ ಸಾವಿರಾರು ಜನರ ಬದುಕು ಅದರಿಂದಲೇ ಕಟ್ಟಿಕೊಂಡದ್ದು. ಅಮೆರಿಕ ಮೊದಲು ವಿದ್ಯೆಯನ್ನು ಒಳಗೆ ಕರೆಯುತ್ತದೆ, ಮನುಷ್ಯನನ್ನು ಒಪ್ಪಿಕೊಳ್ಳಲು ದಶಕಗಳನ್ನು ತೆಗೆದುಕೊಳ್ಳುತ್ತದೆ. ನಾವು ಮನುಷ್ಯನ ಕುಲಗೋತ್ರ, ಊರುಕೇರಿ ವಿಚಾರಿಸಿ ಒಪ್ಪಿದ ಮೇಲೆ ವಿದ್ಯೆಯನ್ನು ಕೇಳುತ್ತೇವೆ.

1990ರ ಕಾನೂನಿನಿಂದ ಬಂದ ಎಚ್-1ಬಿ ವೀಸಾ ಈ ಅಮೆರಿಕನ್ ರೀತಿಯನ್ನು ಕಾಗದದ ಮೇಲೆ ಬರೆದಿಟ್ಟಂತಿದೆ. ವಿಶೇಷ ಪರಿಣತಿ ಬೇಕಾದ ಒಂದು ಕೆಲಸಕ್ಕೆ, ಒಬ್ಬ ಮಾಲೀಕನಿಗೆ ಕಟ್ಟಿದ ಅನುಮತಿ ಅದು. ಆ ಕೆಲಸ ಹೋದರೆ ಇನ್ನೊಂದನ್ನು ಹುಡುಕಲು ಹೆಚ್ಚೆಂದರೆ 60 ದಿನ. ನಮ್ಮ ಪರಿಚಯದ ಮನೆಗಳಲ್ಲಿ ಮಕ್ಕಳ ಶಾಲೆ, ಮನೆ ಸಾಲ, ಊರಿನಲ್ಲಿರುವ ತಂದೆತಾಯಿಯ ಔಷಧಿ ಎಲ್ಲವೂ ಆ ಒಂದು ಪರಿಣತಿಯ ಮೇಲೆ ನಿಂತಿರುತ್ತವೆ. ಕಿಕ್ಕರನ ಕರಾರೂ ಹಾಗೆಯೇ. ಸೋಲಿನಲ್ಲಿ ಮುಗಿದ ಒಂದೆರಡು ಒದೆತಗಳ ನಂತರ ಮಂಗಳವಾರ ಬೆಳಿಗ್ಗೆ ಹೊಸ ಕಿಕ್ಕರುಗಳನ್ನು ಕರೆಸಿ ಪರೀಕ್ಷೆ ಮಾಡುವುದು ಇಲ್ಲಿ ಸಾಮಾನ್ಯ. ಸೋಲ್‌ನಲ್ಲಿ ಹುಟ್ಟಿ ನ್ಯೂಜೆರ್ಸಿಯಲ್ಲಿ ಬೆಳೆದ ಯಂಗ್‌ಹೋ ಕೂ ಅವರನ್ನು 2017ರಲ್ಲಿ ಚಾರ್ಜರ್ಸ್ ತಂಡ ನಾಲ್ಕೇ ಪಂದ್ಯಗಳ ನಂತರ ಕೈಬಿಟ್ಟಿತು. ಛಲ ಬಿಡದೆ ಅಟ್ಲಾಂಟಾ ತಂಡ ಸೇರಿ, 2020ರ ಸಾಲಿಗೆ ಲೀಗಿನ ಅತ್ಯುತ್ತಮರ ಪಂದ್ಯವೆನಿಸಿದ್ದ ಪ್ರೊ ಬೌಲಿಗೆ ಅವರು ಆಯ್ಕೆಯಾದರು.

ಇದನ್ನು ಬರೆಯುವಾಗ ನಮ್ಮ ಬೆಂಗಳೂರಿನ ಮಾತನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಅಪಾರ್ಟ್‌ಮೆಂಟುಗಳ ಗಾರೆ ಕೆಲಸಕ್ಕೆ ಬಿಹಾರ, ಒಡಿಶಾಗಳಿಂದ, ಮರಗೆಲಸಕ್ಕೆ ರಾಜಸ್ಥಾನದಿಂದ ಬಂದವರ ಕೈಗಳನ್ನು ನಾವು ಒಳಗೆ ಕರೆದಿದ್ದೇವೆ. ಅವರ ಮಕ್ಕಳು ಯಾವ ಶಾಲೆಯಲ್ಲಿದ್ದಾರೆ, ಅವರಿಗೆ ಕನ್ನಡ ಕಲಿಸುವವರು ಯಾರು ಎಂದು ಕೇಳುವವರು ಕಡಿಮೆ. ಅಲ್ಲಿ ನಾವೂ ಕಾಲನ್ನು ಮಾತ್ರ ಕಂಡು ಆಳನ್ನು ಕಾಣದವರೇ. ಹೊರನಾಡಿನಲ್ಲಿ ನಮಗೆ ಸಿಗಬೇಕೆಂದು ನಾವು ಹಂಬಲಿಸುವ ಆದರ ನಮ್ಮ ನಾಡಿನಲ್ಲಿ ಅವರಿಗೆ ಸಿಗಬೇಕೆಂದು ನನಗೆ ತೀವ್ರವಾಗಿ ಅನ್ನಿಸುತ್ತದೆ.

ಅಮೆರಿಕವೂ ನಿಧಾನವಾಗಿ ಬದಲಾಗಿದೆ ಎಂಬುದಕ್ಕೆ ಸಾಕ್ಷಿಯಿದೆ. ಬರೀ ಕಿಕ್ಕರುಗಳಾಗಿದ್ದು ಈ ಆಟದ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ ಮೊದಲಿಬ್ಬರು 1991ರಲ್ಲಿ ಸ್ಟೆನೆರುಡ್, 2017ರಲ್ಲಿ ಡೆನ್ಮಾರ್ಕಿನಿಂದ ವಿನಿಮಯ ವಿದ್ಯಾರ್ಥಿಯಾಗಿ ಬಂದಿದ್ದ ಮಾರ್ಟೆನ್ ಆಂಡರ್ಸನ್, ಇಬ್ಬರೂ ವಲಸಿಗರು. ಗಾರೊ ಆ ಸಾಲಿಗೆ ಸೇರಲಿಲ್ಲ. ನಿವೃತ್ತಿಯ ನಂತರ ಅವರು ಊರೂರು ತಿರುಗಿ ಭಾಷಣ ಮಾಡಿದರು, ಸೊಸೆಗೆ ಮಿದುಳಿನ ಗೆಡ್ಡೆಯಾದಾಗ ಆ ರೋಗದ ಸಂಶೋಧನೆಗೆ ಪ್ರತಿಷ್ಠಾನ ಕಟ್ಟಿ ಹಣ ಕೂಡಿಸಿದರು, ತಾವೇ ಕ್ಯಾನ್ಸರಿಗೆ ತುತ್ತಾಗಿ 2015ರ ಮೇ 15ರಂದು ಇದೇ ಪೆನ್ಸಿಲ್ವೇನಿಯದಲ್ಲಿ ತೀರಿಕೊಂಡರು. ಅವರ ಸಾವಿನ ಸುದ್ದಿ ಬರೆದವರು ಆ ಜಾರಿದ ಚೆಂಡನ್ನು ಬಿಡದೆ ನೆನೆದರು. ನಾನು ಬರೆದಿದ್ದರೆ ಡೆಟ್ರಾಯಿಟ್ ತಂಡದ 32-31ರಿಂದ ಆರಂಭಿಸಿ, 1974ರ ಪ್ರೊ ಬೌಲಿನಲ್ಲಿ ತನ್ನ ತಂಡದ ಹದಿನೈದಕ್ಕೆ ಹದಿನೈದೂ ಅಂಕಗಳನ್ನು ಐದು ಒದೆತಗಳಲ್ಲಿ ಗಳಿಸಿಕೊಟ್ಟು ಪಂದ್ಯಶ್ರೇಷ್ಠರಾದದ್ದನ್ನು ಹೇಳಿ, ಆಮೇಲೆ ಆ ಪ್ರತಿಷ್ಠಾನದ ಕೆಲಸಕ್ಕೆ ಬರುತ್ತಿದ್ದೆ.