ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಅಮೆರಿಕದಲ್ಲಿ ಚುನಾವಣೆಯ ಗಾಳಿ ಬೀಸಿತೆಂದರೆ ಬೆಂಗಳೂರಿಗೆ ಬಿಕ್ಕಳಿಕೆ ಶುರು. ಅಲ್ಲಿ ಯಾರೋ ಮೈಕಿನ ಮುಂದೆ ನಿಂತು, ಅಮೆರಿಕದ ಕೆಲಸ ಕದ್ದವರು ಎಂದು ನಮ್ಮನ್ನು ನೆನೆಯುತ್ತಿದ್ದಾರೆ ಎಂದೇ ಅರ್ಥ. 2004ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಜಾನ್ ಕೆರ್ರಿ ನಮ್ಮ ಹೆಸರು ಹೇಳದೆ ನೆನೆದರು. ಕೆಲಸಗಳನ್ನು ಹೊರದೇಶಕ್ಕೆ ಸಾಗಿಸುವ ಕಂಪನಿ ಮುಖ್ಯಸ್ಥರು ಬೆನೆಡಿಕ್ಟ್ ಅರ್ನಾಲ್ಡ್‌ಗಳು ಎಂದರು. (ಅರ್ನಾಲ್ಡ್ ಅಂದರೆ ಅವರ ಮೀರ್ ಸಾದಿಕ್.) ಅದೇ ವರ್ಷ ಬುಷ್ ಅವರ ಆರ್ಥಿಕ ಸಲಹೆಗಾರ ಗ್ರೆಗರಿ ಮ್ಯಾನ್‌ಕ್ಯೂ, ಇದೂ ಒಂದು ಬಗೆಯ ವ್ಯಾಪಾರವೇ, ಮುಂದೆ ಒಳ್ಳೆಯದೇ ಆಗುತ್ತದೆ ಎಂದು ಪಾಠ ಹೇಳಲು ಹೋಗಿ ಸ್ವಂತ ಪಕ್ಷದವರಿಂದಲೇ ಉಗಿಸಿಕೊಂಡರು. 2009ರ ಮೇ 4ರಂದು ಒಬಾಮ ಊರಿನ ಹೆಸರು ಹಿಡಿದೇ ನೆನೆದರು: ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಕೆಲಸ ಕೊಟ್ಟವರಿಗಿಂತ ಬೆಂಗಳೂರಿನಲ್ಲಿ ಕೊಟ್ಟವರಿಗೆ ಕಡಿಮೆ ತೆರಿಗೆ, ಇದೆಂಥ ಕಾನೂನು?

ನಮಗೇನು ಬೇಸರವಾಗಲಿಲ್ಲ. ಬೈಸಿಕೊಂಡಷ್ಟೂ ಎದೆ ಉಬ್ಬಿತು. ಅಮೆರಿಕದ ಅಧ್ಯಕ್ಷರ ಬಾಯಲ್ಲಿ ನಮ್ಮ ಊರು! ನಮ್ಮ ಮೇಯರ್ ಬಾಯಲ್ಲಿ ಯಾವತ್ತಾದರೂ ಹೀಗೆ ಬಂದಿತ್ತೇ? (2020ರ ನಂತರ ವರ್ಷಗಟ್ಟಲೆ ಮೇಯರೇ ಇರಲಿಲ್ಲ, ಅದು ಬೇರೆ ಮಾತು.)

ಆ ಭಾಷಣವನ್ನು ಪೂರ್ತಿ ಓದಿದವರು ಮಾತ್ರ ಎರಡೂ ದೇಶಗಳಲ್ಲಿ ಕಡಿಮೆ. ಅದರಲ್ಲೇ ಇನ್ನೊಂದು ಮಾತಿದೆ. ಕೇಮನ್ ದ್ವೀಪಗಳಲ್ಲಿ ಒಂದು ಕಟ್ಟಡ ಇದೆಯಂತೆ, 12,000ಕ್ಕೂ ಹೆಚ್ಚು ಕಂಪನಿಗಳು ಅದೇ ನಮ್ಮ ಕೇಂದ್ರ ಕಚೇರಿ ಎನ್ನುತ್ತವಂತೆ. ಒಂದೋ ಅದು ಜಗತ್ತಿನ ಅತಿ ದೊಡ್ಡ ಕಟ್ಟಡ, ಇಲ್ಲವೇ ಅತಿ ದೊಡ್ಡ ತೆರಿಗೆ ವಂಚನೆ ಎಂದು ಒಬಾಮ ನಗಿಸಿದ್ದರು. ಉಗ್ಲಂಡ್ ಹೌಸ್ ಎಂಬ ಆ ಕಟ್ಟಡಕ್ಕೆ ಇರುವುದು ಐದೇ ಅಂತಸ್ತು. ಮಾರನೆಯ ದಿನ ಪೇಪರಿನಲ್ಲಿ ಉಳಿದದ್ದು ಬೆಂಗಳೂರು.

2025ರ ಜುಲೈನಲ್ಲಿ ಟ್ರಂಪ್ ಸರದಿ. ಎಐ ಸಮಾವೇಶವೊಂದರಲ್ಲಿ ಟೆಕ್ ಕಂಪನಿಗಳನ್ನು ತರಾಟೆಗೆ ತೆಗೆದುಕೊಂಡರು: ಕಾರ್ಖಾನೆ ಚೀನಾದಲ್ಲಿ, ನೌಕರರು ಭಾರತದಲ್ಲಿ, ಲಾಭ ಬಚ್ಚಿಡುವುದು ಐರ್ಲೆಂಡಿನಲ್ಲಿ, ಇದೆಲ್ಲ ಇನ್ನು ನಡೆಯುವುದಿಲ್ಲ. ಒಂದೇ ವಾಕ್ಯ, ಮೂರು ಆರೋಪ. ನಮ್ಮ ಟಿವಿಗಳಲ್ಲಿ ಸಂಜೆಯೆಲ್ಲ ಓಡಿದ್ದು ನಡುವಿನದೊಂದೇ. ಐರ್ಲೆಂಡಿನ ಮೇಲೆ ಯಾವ ಆ್ಯಂಕರ್ ಕೂಗಿದ್ದನ್ನೂ ನಾನು ಕೇಳಲಿಲ್ಲ. ಪಾಪ, ಅವರಿಗೂ ಅಲ್ಲಿಗೊಂದು ಟೂರ್ ಹೋಗುವ ಆಸೆ ಇರಬಹುದು.

ಈಗ ಕಳವಾದ ಮಾಲು ಯಾವುದು ಅಂತ ನೋಡೋಣ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಚಿಪ್ ವಿನ್ಯಾಸಕ್ಕೆ ಬಾಗಿಲು ತೆರೆಯಿತು. 2000ದಲ್ಲಿ ಜಿಇ ವೈಟ್‌ಫೀಲ್ಡಿನಲ್ಲಿ ಸಂಶೋಧನಾ ಕೇಂದ್ರ ಕಟ್ಟಿತು. ವಿದೇಶಿ ಕಂಪನಿಗಳು ತಮ್ಮದೇ ಕೆಲಸಕ್ಕೆ ಇಲ್ಲಿ ತೆರೆಯುವ ಇಂಥ ಆಫೀಸುಗಳಿಗೆಲ್ಲ ಈಗ ಜಿಸಿಸಿ (ಗ್ಲೋಬಲ್ ಕೇಪಬಿಲಿಟಿ ಸೆಂಟರ್) ಎಂಬ ಹೆಸರು. 2029ರೊಳಗೆ ಇನ್ನೂ 500 ತರುತ್ತೇವೆ ಎಂದು ರಾಜ್ಯ ಸರ್ಕಾರ ನೀತಿಯನ್ನೇ ಬರೆದಿದೆ. ಇಂಥ ಕೇಂದ್ರಗಳ ಲೆಕ್ಕಾಚಾರ ಬಹಳ ಸರಳ. ಇಲ್ಲಿಯ ಘಟಕ ಏನನ್ನೂ ಮಾರುವುದಿಲ್ಲ. ಸಂಬಳ, ಬಾಡಿಗೆ, ಕರೆಂಟು, ಕ್ಯಾಬು ಎಲ್ಲ ಕೂಡಿಸಿ, ಮೇಲೆ ಇಂತಿಷ್ಟು ಪರ್ಸೆಂಟ್ ಸೇರಿಸಿ ಮಾತೃ ಕಂಪನಿಗೆ ಬಿಲ್ ಕಳಿಸುತ್ತದೆ. ಕಂಡುಹಿಡಿದದ್ದು ಕೋಟಿ ತಂದರೂ ಇಲ್ಲಿಗೆ ಅಷ್ಟೇ, ಕಸದ ಬುಟ್ಟಿಗೆ ಹೋದರೂ ಅಷ್ಟೇ.

ನಮ್ಮ ಪರಿಚಯದ ತಿಪಟೂರಿನ ಹುಡುಗನೊಬ್ಬ ಬೆಳ್ಳಂದೂರಿನ ಇಂಥದೊಂದು ಆಫೀಸಿನಲ್ಲಿದ್ದಾನೆ. ಅವನ ಹೆಸರಿನಲ್ಲಿ ಅಮೆರಿಕದ ಪೇಟೆಂಟ್ ಬಂದಾಗ ಕಂಪನಿಯವರು ಮರದ ಮೇಲೆ ಹಿತ್ತಾಳೆ ತಗಡು ಹೊಡೆದ ಫಲಕ ಕೊಟ್ಟರು. ಊರಿನ ಮನೆಯ ಶೋಕೇಸಿನಲ್ಲಿ, ಚನ್ನಪಟ್ಟಣದ ಗೊಂಬೆಗಳ ಪಕ್ಕ, ಅದು ಹೊಳೆಯುತ್ತಿದೆ. ಕಂಪನಿಯ ಹೆಸರು ದಪ್ಪ ಅಕ್ಷರದಲ್ಲಿ. ಇವನದು ಕನ್ನಡಕ ಹಾಕಿಕೊಂಡರೆ ಕಾಣುತ್ತದೆ. ಅಮ್ಮ ಒರೆಸುತ್ತಾ ಕೇಳಿದರಂತೆ:

“ಇದಕ್ಕೆ ಎಷ್ಟ್ ಕೊಟ್ರೋ?”

“ಹಕ್ಕೆಲ್ಲ ಕಂಪನಿಗೆ ಬರ್ಕೊಟ್ಟಿದ್ದೀನಮ್ಮ. ಕಾಗದದಲ್ಲಿ ಒಂದು ಡಾಲರ್ ಅಂತ ಇತ್ತು.”

“ಆ ಡಾಲರ್ ಎಲ್ಲಿ?”

“ಅದು ಸುಮ್ನೆ ಬರೆಯೋದು. ಬೋನಸ್ ಅಂತ ಒಂದಿಷ್ಟು ಬಂತು. ಅದ್ರಲ್ಲಿ ಟ್ಯಾಕ್ಸ್ ಮುರ್ಕೊಂಡ್ರು.”

ಟ್ಯಾಕ್ಸ್ ಮುರಿಸಿಕೊಂಡದ್ದು ಈ ಕಥೆಯಲ್ಲಿ ಅವನೊಬ್ಬನೇ ಇದ್ದರೂ ಇರಬಹುದು. ಯಾಕೆಂದರೆ ದೊಡ್ಡ ಕಂಪನಿಗಳಲ್ಲಿ ಬುದ್ಧಿಯ ಫಸಲು ಇಲ್ಲಿಂದ ಅಮೆರಿಕಕ್ಕೆ ಹೋಗುತ್ತದೆ, ಅಲ್ಲಿಗೇ ನಿಲ್ಲಬೇಕೆಂದೇನಿಲ್ಲ. ಡಬಲ್ ಐರಿಷ್ ವಿತ್ ಡಚ್ ಸ್ಯಾಂಡ್‌ವಿಚ್ ಎಂಬ ಒಂದು ಐಟಂ ಇತ್ತು. ದರ್ಶಿನಿಯಲ್ಲಿ ಟೋಕನ್ ಹಿಡಿದು ಕೂಗಿ ಹೇಳುವಂಥ ಹೆಸರು. ನಿಜದಲ್ಲಿ ಐರ್ಲೆಂಡ್, ನೆದರ್ಲೆಂಡ್ಸ್, ಮತ್ತೆ ಐರ್ಲೆಂಡಿನ ಹೆಸರಿನ ಇನ್ನೊಂದು ಕಂಪನಿ ಎಂದು ದುಡ್ಡನ್ನು ಸುತ್ತಿಸಿ ತೆರಿಗೆಯ ಕಣ್ಣು ತಪ್ಪಿಸುವ ದಾರಿ. 2017ರ ಒಂದೇ ವರ್ಷದಲ್ಲಿ ಗೂಗಲ್ 19.9 ಬಿಲಿಯನ್ ಯೂರೋವನ್ನು ನೆದರ್ಲೆಂಡ್ಸ್ ಮೂಲಕ, ಆಗ ಕಂಪನಿಗಳಿಗೆ ಆದಾಯ ತೆರಿಗೆಯೇ ಇಲ್ಲದಿದ್ದ ಬರ್ಮುಡಾ ದ್ವೀಪಕ್ಕೆ ದಾಟಿಸಿತ್ತು. ಎಲ್ಲವೂ ಕಾನೂನಿನ ಪ್ರಕಾರ, ರಸೀದಿ ಸಮೇತ. ಬರ್ಮುಡಾದವರು ನಮ್ಮ ಕೆಲಸ ಕದ್ದರು ಎಂದು ಯಾವ ಸೆನೆಟರೂ ಮೇಜು ಕುಟ್ಟಲಿಲ್ಲ. ಕುಟ್ಟುವುದಾದರೂ ಹೇಗೆ? ಆ ದುಡ್ಡಿಗಾಗಿ ಅಲ್ಲಿ ಕೂತು ಕೆಲಸ ಮಾಡುವವರು ಇದ್ದರೆ ತಾನೇ!

ಆ್ಯಪಲ್ಲಿನದು ಇನ್ನೂ ಸೊಗಸು. 2016ರಲ್ಲಿ ಯುರೋಪ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ ಲೆಕ್ಕ ಬಿಚ್ಚಿದಾಗ ಕಂಡದ್ದು: ಯುರೋಪಿನ ಲಾಭವೆಲ್ಲ ಸೇರುತ್ತಿದ್ದ ಐರ್ಲೆಂಡಿನ ಅಂಗಸಂಸ್ಥೆಗೊಂದು ‘ಪ್ರಧಾನ ಕಚೇರಿ’ ಇತ್ತು, ಆ ಕಚೇರಿಗೆ ನೌಕರರೂ ಇರಲಿಲ್ಲ, ಜಾಗವೂ ಇರಲಿಲ್ಲ. ಹಾಜರಿ ಪುಸ್ತಕವಿಲ್ಲ, ಕ್ಯಾಂಟೀನಿಲ್ಲ, ರಾತ್ರಿ ಒಂಬತ್ತೂವರೆಯ ಕಾಲ್ ಇಲ್ಲ. 2014ರಲ್ಲಿ ಅದರ ಲಾಭದ ಮೇಲೆ ಬಿದ್ದ ತೆರಿಗೆ ಶೇಕಡ 0.005, ಅಂದರೆ ಹತ್ತು ಲಕ್ಷ ಯೂರೋಗೆ ಐವತ್ತು ಯೂರೋ. ಬಾಕಿ 13 ಬಿಲಿಯನ್ ವಸೂಲಿ ಮಾಡಿಕೊಳ್ಳಿ ಎಂದು ಕಮಿಷನ್ ಹೇಳಿದರೆ, ಐರ್ಲೆಂಡ್ ಸರ್ಕಾರ ‘ನಮಗೆ ಬೇಡ’ ಎಂದು ಕೋರ್ಟಿಗೆ ಹೋಯಿತು! ತೆರಿಗೆ ಪಾಲು ಕೊಡಿ ಎಂದು 2024ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿಯೇ ಮಂತ್ರಿಗಳ ಜತೆ ಜಂತರ್ ಮಂತರ್‌ನಲ್ಲಿ ಧರಣಿ ಕೂತ ರಾಜ್ಯದವರು ನಾವು. ಈ ವೈರಾಗ್ಯ ನಮ್ಮ ಬುದ್ಧಿಗೆ ಎಟುಕುವಂಥದಲ್ಲ. 2024ರ ಸೆಪ್ಟೆಂಬರಿನಲ್ಲಿ ಐರ್ಲೆಂಡ್ ಕೊನೆಗೂ ಸೋತಿತು, ಅಂದರೆ 13 ಬಿಲಿಯನ್ ಗೆದ್ದಿತು.

ಇತ್ತ ವಾಷಿಂಗ್ಟನ್ ಬಿಡುವಿಲ್ಲದೆ ಪರಿಹಾರ ಹುಡುಕುತ್ತಿದೆ. 2017ರ ತೆರಿಗೆ ಕಾನೂನಿನಲ್ಲಿ ಒಂದು ಷರತ್ತು ಸೇರಿಸಿದರು: 2022ರಿಂದ ಕಂಪನಿಗಳು ತೆರಿಗೆಯ ಲೆಕ್ಕದಲ್ಲಿ ಸಂಶೋಧನೆಯ ಖರ್ಚನ್ನು ಆ ವರ್ಷವೇ ಪೂರ್ತಿ ಕಳೆಯುವಂತಿಲ್ಲ, ಹೊರದೇಶದ್ದಾದರೆ 15 ವರ್ಷಕ್ಕೆ ಹಂಚಬೇಕು, ಸ್ವದೇಶದ್ದಾದರೂ 5 ವರ್ಷಕ್ಕೆ. ಕಳ್ಳನಿಗೂ ದಂಡ, ಮನೆಯವನಿಗೂ ದಂಡ. ಮನೆಯವನ ದಂಡ ಮಾಫಿಯಾಗಲು 2025ರ ಜುಲೈ ಬರಬೇಕಾಯಿತು. ಸೆಪ್ಟೆಂಬರಿನಲ್ಲಿ ಓಹಾಯೋದ ಸೆನೆಟರ್ ಬರ್ನಿ ಮೊರೆನೊ, ಹೊರದೇಶದ ಹೊರಗುತ್ತಿಗೆಗೆ ಕೊಡುವ ದುಡ್ಡಿನ ಮೇಲೆ 25 ಪರ್ಸೆಂಟ್ ತೆರಿಗೆ ಹೇರುವ ಮಸೂದೆ ತಂದರು. ಅದೇ ತಿಂಗಳು ಟ್ರಂಪ್ ಹೊಸ ಎಚ್-1ಬಿ ಕೆಲಸದ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಇಟ್ಟರು. ಒಟ್ಟಿನಲ್ಲಿ ಕೆಲಸ ಭಾರತಕ್ಕೆ ಹೋಗಬಾರದು, ಕೆಲಸಗಾರ ಅಮೆರಿಕಕ್ಕೆ ಬರಬಾರದು. ಕಂಪನಿಯವರು ಕ್ಯಾಲ್ಕುಲೇಟರ್ ತೆಗೆದು ನೋಡಿದರು. ಕರೆಸಿಕೊಳ್ಳಲು ಲಕ್ಷ ಡಾಲರ್. ಇದ್ದಲ್ಲೇ ಇರು ಅನ್ನಲು ಬೆಳ್ಳಂದೂರಿನಲ್ಲಿ ಒಂದು ಕುರ್ಚಿ. ಲೆಕ್ಕ ಗೊತ್ತಿದ್ದವರು ಏನು ಮಾಡುತ್ತಾರೋ ಅದನ್ನೇ ಮಾಡುವ ಮಾತಾಡುತ್ತಿದ್ದಾರೆ.

ಅಮೆರಿಕದವರ ಈ ಕೂಗಾಟ ನೋಡಿ ನಾವು ನಕ್ಕೆವಲ್ಲ, ಆ ನಗು ಅತ್ತಿಬೆಲೆ ಟೋಲ್ ದಾಟುವಷ್ಟೂ ಉಳಿಯಲಿಲ್ಲ. 2024ರ ಜುಲೈನಲ್ಲಿ ನಮ್ಮ ಸಂಪುಟ ಖಾಸಗಿ ಕೆಲಸಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಮಸೂದೆ ಒಪ್ಪಿತು. ಆಡಳಿತ ಹುದ್ದೆಯಲ್ಲಿ ಶೇ 50, ಉಳಿದದ್ದರಲ್ಲಿ ಶೇ 70. ಕಂಪನಿಗಳು ಕೆಮ್ಮಿದವು, ಆಂಧ್ರದ ಐಟಿ ಸಚಿವ ನಾರಾ ಲೋಕೇಶ್ ‘ನಮ್ಮಲ್ಲಿಗೆ ಬನ್ನಿ’ ಎಂದರು, ಎರಡೇ ದಿನದಲ್ಲಿ ಮಸೂದೆಗೆ ತಡೆ ಬಿತ್ತು. 2025ರ ಸೆಪ್ಟೆಂಬರಿನಲ್ಲಿ ಕಂಪನಿಯೊಂದರ ಮುಖ್ಯಸ್ಥರು ಗುಂಡಿ, ಧೂಳಿಗೆ ಬೇಸತ್ತು ಹೊರವರ್ತುಲ ರಸ್ತೆ ಬಿಡುತ್ತೇವೆ ಎಂದರು. ಮತ್ತೆ ಲೋಕೇಶ್: ವಿಶಾಖಪಟ್ಟಣಕ್ಕೆ ಬನ್ನಿ. ಅಕ್ಟೋಬರಿನಲ್ಲಿ ಗೂಗಲ್ 15 ಬಿಲಿಯನ್ ಡಾಲರ್ ಸುರಿದು ವಿಶಾಖಪಟ್ಟಣದಲ್ಲಿ ಡೇಟಾ ಸೆಂಟರ್ ಕಟ್ಟುವುದಾಗಿ ಘೋಷಿಸಿತು. ಆಂಧ್ರದ ಊಟದ ಹಾಗೆ ನಮ್ಮ ಹೂಡಿಕೆಯೂ ಖಾರ, ನೆರೆಯವರಿಗೆ ಆಗಲೇ ಉರಿ ಹತ್ತಿದೆ ಎಂದು ಲೋಕೇಶ್ ಒಗ್ಗರಣೆ ಬೇರೆ ಹಾಕಿದರು. ಅಷ್ಟೇ, ನಮ್ಮ ಕೆಲಸ ಹೋಯಿತು, ನಮ್ಮ ಕಂಪನಿ ಕದ್ದರು ಎಂದು ಊರೆಲ್ಲ ಬಫಲೋದವರ ದನಿಯಲ್ಲಿ ಮಾತಾಡತೊಡಗಿತು. ಡೇಟಾ ಸೆಂಟರಿನಲ್ಲಿ ಹೆಚ್ಚಾಗಿ ಕೂರುವುದು ಯಂತ್ರಗಳು, ಅದಕ್ಕೆ ಬೇಕಾದ್ದು ಕರೆಂಟು, ನೀರು ಎಂದು ಹೇಳಿದವರ ದೇಶಭಕ್ತಿಯನ್ನೇ, ಕ್ಷಮಿಸಿ, ನಾಡಭಕ್ತಿಯನ್ನೇ ಅನುಮಾನಿಸಲಾಯಿತು.

ಮೂಲೆ ಸೇರಿದ ಆ ಮಸೂದೆಯಲ್ಲಿ ‘ಸ್ಥಳೀಯ’ ಎಂದರೆ ಯಾರು ಎನ್ನುವುದಕ್ಕೆ ಒಳ್ಳೆಯ ಅಳತೆಗೋಲಿತ್ತು. ಕರ್ನಾಟಕದಲ್ಲಿ ಹುಟ್ಟಿರಬೇಕು, 15 ವರ್ಷ ಇಲ್ಲಿ ವಾಸವಿರಬೇಕು, ಕನ್ನಡ ಮಾತಾಡಲು, ಓದಲು, ಬರೆಯಲು ಬರಬೇಕು. (ಅಮೆರಿಕಕ್ಕೂ ನಮಗೂ ಈ ಹದಿನೈದರ ಮೇಲೆ ಅದೇನು ಮೋಹವೋ.) ಅದನ್ನು ಹಿಡಿದು ತಿಪಟೂರಿನ ಪೇಟೆಂಟನ್ನು ಅಳೆಯೋಣ. ಹುಟ್ಟು ಬೆಳ್ಳಂದೂರು, ಪಾಸು. ವಾಸ? ಕಾಗದಕ್ಕೆ ಸಹಿ ಬಿದ್ದ ದಿನವೇ ಊರು ಬಿಟ್ಟಿದೆ, ಫೇಲು. ಭಾಷೆ? ಕಂಡುಹಿಡಿದವನಿಗೂ ಅರ್ಥವಾಗದ ವಕೀಲರ ಇಂಗ್ಲಿಷ್, ಅದೂ ಫೇಲು. ಸಹಿ ಹಾಕಿದ ಹುಡುಗ ಮಾತ್ರ ಮೂರಕ್ಕೆ ಮೂರೂ ಪಾಸು. ಅವನನ್ನು ವಿಶಾಖಪಟ್ಟಣಕ್ಕೆ ಕಳಿಸುವ ಮಾತು ಆಫೀಸಿನಲ್ಲಿ ನಡೆದಿದೆಯಂತೆ.