ಹನ್ನೊಂದು ಬಾಕ್ಸ್ ಗುಲಾಬಿ, ಆಕಾಶದ ಪರ್ಮಿಟ್ಟು

ಫೆಬ್ರವರಿ 9ರ ರಾತ್ರಿ ಹನ್ನೊಂದೂವರೆಗೆ ಕ್ಲಿಯರಿಂಗ್ ಏಜೆಂಟ್ ಫೋನ್ ಮಾಡಿದ. “ಅಣ್ಣಾ, ನಿಮ್ದು ಹನ್ನೊಂದು ಬಾಕ್ಸ್ ಆಫ್‌ಲೋಡ್ ಆಯ್ತು.”

“ಯಾಕಪ್ಪಾ? ಬುಕಿಂಗ್ ಕನ್ಫರ್ಮ್ ಅಂದಿದ್ಯಲ್ಲ?”

“ಲಗೇಜ್ ಜಾಸ್ತಿ ಬಂತಂತೆ. ಮೊದಲು ಪ್ಯಾಸೆಂಜರ್ ಬ್ಯಾಗು, ಮಿಕ್ಕಿದ ಜಾಗಕ್ಕೆ ಕಾರ್ಗೋ. ನಾಳೆ ಫ್ಲೈಟ್‌ಗೆ ಕೇಳ್ತೀನಿ ಅಣ್ಣಾ.”

ನಾಳೆವರೆಗೆ ಇಡೋಕೆ ಅದೇನು ಸಿಮೆಂಟ್ ಮೂಟೆಯಾ? ಡಿಸೆಂಬರ್‌ನಲ್ಲಿ ದಿನ ಎಣಿಸಿ ಕಟಿಂಗ್ ಮಾಡಿದ ಗಿಡ. ಐವತ್ತು ದಿನ ಚಳಿ, ಮಂಜು, ಬೂದಿ ರೋಗ ಎಲ್ಲದರಿಂದ ಕಾಪಾಡಿ ತೆಗೆದ ತಾಜ್‌ಮಹಲ್ ಗುಲಾಬಿ. ಒಂದೊಂದು ಮೊಗ್ಗಿಗೂ ಬಡ್ ಕ್ಯಾಪ್ ಅನ್ನೋ ಜಾಲರಿ ಟೋಪಿ ಹಾಕಿ, ಕಡ್ಡಿ ಅಳೆದು, ಇಪ್ಪತ್ತರ ಬಂಚ್ ಕಟ್ಟಿ, ಕೋಲ್ಡ್ ರೂಮಿನಲ್ಲಿಟ್ಟು ಕಳಿಸಿದ್ದೆವು. ಮಾರನೇ ದಿನದ ವಿಮಾನವೂ ತುಂಬಿತ್ತು. 11ನೇ ತಾರೀಕು ಬೆಳಗಿನ ಜಾವ ಟೆಂಪೋದಲ್ಲಿ ಬಾಕ್ಸ್ ವಾಪಸ್ ಬಂತು.

ಪಾಲಿಹೌಸ್ ಮುಂದಿನ ಶೆಡ್ಡಿನಲ್ಲಿ ಒಂದು ಬಾಕ್ಸ್ ಬಿಚ್ಚಿದೆ. ಸುತ್ತಿದ್ದ ಕಾಗದ ಬೆವರಿ ಮೆತ್ತಗಾಗಿತ್ತು. ಮೇಲಿನ ಬಂಚ್ ಎತ್ತಿದರೆ ಮೊಗ್ಗು ಅರ್ಧ ಬಿರಿದಿದೆ, ಹೊರಗಿನ ದಳದ ಅಂಚು ಕೆಂಪು ಬಿಟ್ಟು ನೀಲಿಗೆ ತಿರುಗಿದೆ. ಎರಡು ಡಿಗ್ರಿ, ನಾಲ್ಕು ಡಿಗ್ರಿಯಲ್ಲಿ ಇರಬೇಕಾದ ಹೂವು ಎಷ್ಟು ಹೊತ್ತು ಹೊರಗೆ ನಿಂತಿತ್ತೋ ದೇವರಿಗೇ ಗೊತ್ತು. ಅಮ್ಮ ಬಂದು ನೋಡಿ, “ಸೇವಂತಿಗೆ ಹಾಕಿದ್ರೆ ಸಂತೆಯಲ್ಲೇ ಹೋಗೋದು” ಅಂತ ಹೇಳಿ ಒಳಗೆ ಹೋದರು. ಚಿಕ್ಕಬಳ್ಳಾಪುರ ಮಾರ್ಕೆಟ್ಟಿನಲ್ಲಿ ಸಿಕ್ಕ ರೇಟಿಗೆ ಕೊಟ್ಟು ಬಂದೆ. ಬಾಕ್ಸಿನ ದುಡ್ಡೂ ಗಿಟ್ಟಲಿಲ್ಲ.

ಆ ಏರ್‌ಲೈನ್ಸ್ ಹೆಸರು ಹಾಕಲ್ಲ. ಅವರನ್ನು ಬೈಯೋಕೆ ಇದನ್ನು ಬರೀತಿಲ್ಲ. ನನ್ನ ತಲೆಯಲ್ಲಿ ಕೂತಿದ್ದು ಒಂದೇ ಪ್ರಶ್ನೆ. ಜನ ಇದ್ದಾರೆ, ಬ್ಯಾಗ್ ಇದೆ, ಹೂವಿದೆ, ದುಡ್ಡು ಕೊಡೋಕೆ ನಾವೂ ರೆಡಿ. ಹಾಗಿದ್ದ ಮೇಲೆ ಇನ್ನೊಂದು ವಿಮಾನ ಯಾಕೆ ಬಿಡಲ್ಲ? ತಿಂಗಳುಗಟ್ಟಲೆ ಇದನ್ನೇ ಓದಿದೆ, ಸಿಕ್ಕವರನ್ನೆಲ್ಲ ಕೇಳಿದೆ. ಉತ್ತರ ಕೇಳಿದಾಗ ನೆನಪಾಗಿದ್ದು ನಮ್ಮ ಚಿಕ್ಕಪ್ಪ.

ಚಿಕ್ಕಪ್ಪ ಒಂದು ಕಾಲದಲ್ಲಿ ಪ್ರೈವೇಟ್ ಬಸ್ಸಿನ ಕಂಡಕ್ಟರ್. ಗೌರಿಬಿದನೂರು ಮೇಲೆ ಹಿಂದೂಪುರಕ್ಕೆ ಹೋಗೋ ಗಾಡಿ. ಗಾಡಿ ನೋಡಿದ್ರೆ ತಗಡು, ಮಳೆ ಬಂದ್ರೆ ಒಳಗೂ ಕೊಡೆ ಬೇಕು. ಆದರೂ ಅದನ್ನು ಕೊಂಡವರು ಹೊಸ ಬಸ್ಸಿಗಿಂತ ಜಾಸ್ತಿ ಕೊಟ್ಟರಂತೆ. “ಬಸ್ಸಿಗೆ ಯಾರೋ ದುಡ್ಡು ಕೊಡ್ತಾರೆ? ಪರ್ಮಿಟ್ಟಿಗೆ ಕೊಟ್ಟಿದ್ದು” ಅನ್ನೋರು ಚಿಕ್ಕಪ್ಪ. ಅದರಲ್ಲೂ ಗಡಿ ದಾಟೋ ಪರ್ಮಿಟ್ ಅಂದ್ರೆ ಸುಮ್ನೆ ಅಲ್ಲ. ಎರಡು ರಾಜ್ಯ ಕೂತು ಒಪ್ಪಂದ ಮಾಡ್ಕೋಬೇಕು. ನಿಮ್ಮ ಬಸ್ಸು ನಮ್ಮ ಕಡೆ ಎಷ್ಟು ಕಿಲೋಮೀಟರ್, ನಮ್ಮದು ನಿಮ್ಮ ಕಡೆ ಎಷ್ಟು, ಎಲ್ಲಾ ಲೆಕ್ಕ.

ಆಕಾಶವೂ ಹಾಗೇನೇ ರೀ. 1944ರಲ್ಲಿ ಷಿಕಾಗೋದಲ್ಲಿ ದೇಶಗಳೆಲ್ಲ ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಅದರ ಆರನೇ ವಿಧಿ ಹೇಳೋದು ಇಷ್ಟೇ: ಒಂದು ದೇಶದ ಅನುಮತಿ ಇಲ್ಲದೆ ಇನ್ನೊಂದು ದೇಶದ ವಿಮಾನ ಟೈಮ್‌ಟೇಬಲ್ ಹಾಕಿಕೊಂಡು ಅಲ್ಲಿಗೆ ಸಂಚಾರ ನಡೆಸುವಂತಿಲ್ಲ. ಅಲ್ಲಿಂದಾಚೆಗೆ ಎರಡೆರಡು ದೇಶ ಕೂತು ಚೌಕಾಸಿ ಮಾಡೋದೇ ಪದ್ಧತಿ. ವಾರಕ್ಕೆ ಎಷ್ಟು ಹಾರಾಟ, ಯಾವ ಊರಿಗೆ, ಎಷ್ಟು ಸೀಟು. ಹೋದ ದೇಶದಲ್ಲಿ ತುಂಬಿಕೊಂಡು ಮುಂದೆ ಮೂರನೇ ದೇಶದಲ್ಲಿ ಇಳಿಸಬಹುದಾ? ಅದಕ್ಕೆ ಬೇರೆ ಹಕ್ಕು, ಐದನೇ ಸ್ವಾತಂತ್ರ್ಯ ಅಂತ ಅದರ ಹೆಸರು. ಹೆಸರು ಕೇಳಿದರೆ ಚಳವಳಿ ಅನಿಸುತ್ತೆ, ನೋಡಿದರೆ ಚಿಕ್ಕಪ್ಪನ ಬಸ್ಸು ಹಿಂದೂಪುರ ದಾಟಿ ಇನ್ನೊಂದು ರಾಜ್ಯಕ್ಕೂ ಜನ ಹತ್ತಿಸಿಕೊಂಡ ಹಾಗೆ.

ಆಗ ಪರ್ಮಿಟ್ಟಿಗೇ ಬೆಲೆ ಬರುತ್ತೆ. 1989ರಲ್ಲಿ ಅಮೆರಿಕದ ಪಾರ್ಸೆಲ್ ಕಂಪನಿ ಫೆಡೆಕ್ಸ್ ಫ್ಲೈಯಿಂಗ್ ಟೈಗರ್ ಅನ್ನೋ ಹಳೇ ಕಾರ್ಗೋ ಏರ್‌ಲೈನ್ಸನ್ನು ಕೊಂಡಿತು. ಅವರ ಕಣ್ಣಿದ್ದದ್ದು ವಿಮಾನಗಳ ಮೇಲಷ್ಟೇ ಅಲ್ಲ. ಹೊರದೇಶಗಳಿಗೆ ಹೋಗೋ ಹಕ್ಕುಗಳನ್ನು ಟೈಗರ್‌ನವರು ವರ್ಷಗಟ್ಟಲೆ ಒದ್ದಾಡಿ ಸಂಪಾದಿಸಿಟ್ಟಿದ್ದರು. 1995ರಲ್ಲಿ ಎವರ್‌ಗ್ರೀನ್ ಅನ್ನೋ ಇನ್ನೊಂದು ಕಂಪನಿಯಿಂದ ಚೀನಾಕ್ಕೆ ಹೋಗೋ ಹಕ್ಕನ್ನಷ್ಟೇ ಕೋಟಿಗಟ್ಟಲೆ ಡಾಲರ್ ಕೊಟ್ಟು ತಗೊಂಡರು. ಬರೀ ಪರ್ಮಿಟ್ಟು! ಚಿಕ್ಕಪ್ಪನಿಗೆ ಹೇಳಿದೆ. “ನಾನು ಹೇಳಿರ್ಲಿಲ್ವಾ” ಅಂದರು.

2004ರಲ್ಲಿ ಅಮೆರಿಕ ಮತ್ತು ಚೀನಾ ಹೊಸ ಒಪ್ಪಂದ ಮಾಡಿಕೊಂಡವು. ಆರು ವರ್ಷದಲ್ಲಿ ಹಂತಹಂತವಾಗಿ ಎರಡೂ ಕಡೆಯವರಿಗೆ ವಾರಕ್ಕೆ 195 ಹೊಸ ಹಾರಾಟ, ಅದರಲ್ಲಿ 111 ಬರೀ ಸರಕಿನ ವಿಮಾನಕ್ಕೆ. ಆ ಹಾರಾಟಗಳಿಗೆ ಅಮೆರಿಕದ ಕಾರ್ಗೋ ಕಂಪನಿಗಳ ನಡುವೆ ಶುರುವಾಯಿತು ಪೈಪೋಟಿ. ನನಗೆ ಇಷ್ಟ ಆಗಿದ್ದು ಅಲ್ಲಿ ಅದನ್ನು ಹಂಚುವ ರೀತಿ. ಕಂಪನಿಗಳು ಸಾರಿಗೆ ಇಲಾಖೆಗೆ ಬಹಿರಂಗವಾಗಿ ಅರ್ಜಿ ಹಾಕುತ್ತವೆ. ಒಬ್ಬರ ಅರ್ಜಿಗೆ ಇನ್ನೊಬ್ಬರು ತಕರಾರು ಬರೀತಾರೆ. ಮೇಯರ್‌ಗಳು, ಸರಕು ಕಳಿಸೋ ಸಣ್ಣ ದೊಡ್ಡ ವ್ಯಾಪಾರಿಗಳು, ‘ನಮಗೆ ಈ ರೂಟ್ ಯಾಕೆ ಬೇಕು’ ಅಂತ ಕಾಗದ ಬರೀತಾರೆ. ಗೆದ್ದವರು ತಮಗೆ ಸಿಕ್ಕ ಹಾರಾಟವನ್ನು 90 ದಿನ ಬಳಸದೆ ಬಿಟ್ಟರೆ ಅದು ಕೈತಪ್ಪಿ ಹೋಗುತ್ತೆ. ಎಲ್ಲಾ ನ್ಯಾಯವಾಗಿ ನಡೆಯುತ್ತೆ ಅಂತ ಹೇಳೋಕಾಗಲ್ಲ, ದೊಡ್ಡ ಕಂಪನಿಗೆ ದೊಡ್ಡ ವಕೀಲರು. ಆದರೂ ಸರಕು ಕಳಿಸುವವನ ಕಾಗದಕ್ಕೆ ಒಂದು ಫೈಲು ಇದೆ, ಅಲ್ವಾ?

ನಮ್ಮ ಕಥೆ ನೋಡಿ. ಭಾರತ 1990ರ ದಶಕದ ಶುರುವಿನಲ್ಲೇ ಕಾರ್ಗೋಗೆ ಆಕಾಶ ಬಿಟ್ಟುಕೊಟ್ಟಿತ್ತು. ಸರಕಿನ ವಿಮಾನ ಯಾವ ದೇಶದ್ದಾದರೂ ಬರಲಿ, ಒಯ್ಯಲಿ, ರಫ್ತು ಬೆಳೆಯಲಿ ಅಂತ. ಒಳ್ಳೇ ನಿರ್ಧಾರ. 2020ರಲ್ಲಿ ಅದನ್ನು ಸ್ವಲ್ಪ ಬಿಗಿ ಮಾಡಿದರು. ಟೈಮ್‌ಟೇಬಲ್ ಇಲ್ಲದೆ ಬಾಡಿಗೆಗೆ ಬರೋ ವಿದೇಶಿ ಸರಕು ವಿಮಾನ ಆರೇ ಆರು ಊರಿಗೆ ಬರಬೇಕು: ಬೆಂಗಳೂರು, ಚೆನ್ನೈ, ದೆಹಲಿ, ಹೈದರಾಬಾದ್, ಕೋಲ್ಕತ್ತ, ಮುಂಬೈ. ನಮ್ಮ ಕಂಪನಿಗಳೂ ಬೆಳೀಲಿ ಅನ್ನೋದು ಉದ್ದೇಶ. ನಾವು ಅದೃಷ್ಟವಂತರು ಅಂತಾನೇ ಹೇಳಬೇಕು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಆಯ್ತು, 2008ರಲ್ಲಿ ಪಕ್ಕದ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ನಂದಿ ಬೆಟ್ಟದ ಬುಡದಿಂದ ಹೆದ್ದಾರಿಗೆ ಬಿದ್ದರೆ ಮುಕ್ಕಾಲು ಗಂಟೆ. ಬೆಳಗಾವಿಯ ರೈತನಿಗೆ ಆ ಬಾಗಿಲು ಇಲ್ಲ. ಅವನ ಹೂವು ರಾತ್ರಿಯೆಲ್ಲ ಲಾರಿಯಲ್ಲಿ ಕುಲುಕಿಕೊಂಡು ನಮ್ಮ ಕ್ಯೂ ಹಿಂದೆ ಬಂದು ನಿಲ್ಲಬೇಕು.

ನಮ್ಮ ಕಂಪನಿ ಬೆಳೀಬೇಕು ಅನ್ನೋದಕ್ಕೆ ನನ್ನ ವಿರೋಧ ಇಲ್ಲ. 2020ರ ಮಾರ್ಚ್ ಮರೆತಿಲ್ಲ. ಪ್ಯಾಸೆಂಜರ್ ವಿಮಾನ ನಿಂತ ತಕ್ಷಣ ಅದರ ಹೊಟ್ಟೆ, ಅಂದ್ರೆ ಸೀಟಿನ ಕೆಳಗೆ ಸರಕು ತುಂಬೋ ಜಾಗವೂ ನಿಂತಿತು. ಪ್ರಪಂಚದಲ್ಲಿ ವಿಮಾನದಲ್ಲಿ ಹೋಗೋ ಸರಕಿನಲ್ಲಿ ಹೆಚ್ಚುಕಮ್ಮಿ ಅರ್ಧ ಪ್ಯಾಸೆಂಜರ್ ವಿಮಾನದ ಹೊಟ್ಟೆಯಲ್ಲೇ ಹೋಗೋದು. ಆ ಏಪ್ರಿಲ್‌ನಲ್ಲಿ ನಾನೇ ಕೈಯಾರೆ ಕೊಯ್ದು ಗೊಬ್ಬರದ ಗುಂಡಿಗೆ ಸುರಿದೆ, ಯಾಕಂದ್ರೆ ಕೊಯ್ಯದಿದ್ದರೆ ಗಿಡ ಹಾಳು. ಅಂಥಾ ಹೊತ್ತಲ್ಲಿ ನಮ್ಮದೇ ಸರಕು ವಿಮಾನ ಇರಬೇಕಿತ್ತು ಅನ್ನೋದು ಸರಿಯಾದ ಮಾತೇ.

ಆದರೆ ವಿಮಾನ ಎಲ್ಲಿ? ಇಂಡಿಗೋದವರು 2022ರಲ್ಲಿ ಎ321 ಸರಕು ವಿಮಾನ ತಂದರು. 27 ಟನ್ ಹೊರುತ್ತೆ. ಗಲ್ಫ್‌ಗೆ, ಚೀನಾಕ್ಕೆ ಸಾಕು. ಆಮ್‌ಸ್ಟರ್‌ಡ್ಯಾಮ್ ಪಕ್ಕ ಆಲ್ಸ್‌ಮೀರ್‌ನಲ್ಲಿ ದೊಡ್ಡ ಹೂವಿನ ಹರಾಜು ಇದೆಯಲ್ಲ, ಅಲ್ಲಿಗೆ ಒಂದೇ ಉಸಿರಿಗೆ ಮುಟ್ಟಲ್ಲ. ದೊಡ್ಡ ಬೋಯಿಂಗ್ 777 ಸರಕು ವಿಮಾನ 100 ಟನ್ ಹೊರುತ್ತೆ. ಇಥಿಯೋಪಿಯಾದವರ ಹತ್ತಿರ ಅದು ಇದೆ. ಅವರ ಗುಲಾಬಿ ಸಂಜೆ ಕೊಯ್ದರೆ ಮಾರನೇ ದಿನ ಯುರೋಪಿನಲ್ಲಿರುತ್ತೆ. ನಮಗೂ ಅವರಿಗೂ ಮಣ್ಣು, ಎತ್ತರ, ಬಿಸಿಲು ಎಲ್ಲದರಲ್ಲೂ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಆದರೆ ಅವರ ಸರ್ಕಾರ ಹೂವನ್ನೂ ವಿಮಾನವನ್ನೂ ಒಟ್ಟಿಗೆ ಬೆಳೆಸಿತು. ಇಲ್ಲಿ ಹೂವು ತೋಟಗಾರಿಕೆ ಇಲಾಖೆಗೆ, ವಿಮಾನ ಇನ್ನೊಂದು ಸಚಿವಾಲಯಕ್ಕೆ. ನಮ್ಮ ಪಾಲಿಹೌಸ್ ಸಬ್ಸಿಡಿ ಫೈಲಿನಲ್ಲಿ ವಿಮಾನ ಅನ್ನೋ ಪದವೇ ಇಲ್ಲ.

ಗಲ್ಫ್ ವಿಷಯ ಇನ್ನೂ ಸಿಕ್ಕು. ದುಬೈ ಜೊತೆ ನಮ್ಮ ಒಪ್ಪಂದದಲ್ಲಿ ಒಂದೊಂದು ಕಡೆಗೆ ವಾರಕ್ಕೆ ಸುಮಾರು 66 ಸಾವಿರ ಸೀಟು. ಅಲ್ಲಿಯ ಎಮಿರೇಟ್ಸ್ ಏರ್‌ಲೈನ್ಸ್ ವರ್ಷಗಳಿಂದ ಇನ್ನೂ ಬೇಕು ಅಂತ ಕೇಳ್ತಿದೆ. ಕೊಟ್ಟರೆ ನಮ್ಮ ಜನರನ್ನೆಲ್ಲ ಅವರೇ ದುಬೈ ಮೇಲೆ ಲಂಡನ್ನಿಗೆ, ನ್ಯೂಯಾರ್ಕಿಗೆ ಒಯ್ತಾರೆ ಅಂತ ನಮ್ಮವರ ಭಯ. ಭಯದಲ್ಲಿ ಹುರುಳಿದೆ. ಆದರೆ ಲೆಕ್ಕ ಹಾಕೋದೆಲ್ಲ ಸೀಟಿನದ್ದು. ಸೀಟು ನಿಂತರೆ ಸೀಟಿನ ಕೆಳಗಿನ ಹೊಟ್ಟೆಯೂ ನಿಲ್ಲುತ್ತೆ, ಅದರಲ್ಲಿ ಹೋಗಬೇಕಿದ್ದ ಹೂವೂ ತರಕಾರಿಯೂ ನಿಲ್ಲುತ್ತೆ. ಮಾತುಕತೆಯ ಮೇಜಿನ ಮೇಲೆ ಹೂವಿನ ಹೂದಾನಿ ಇರುತ್ತೇನೋ, ಹೂವು ಬೆಳೆದವನು ಇರಲ್ಲ.

ಇಷ್ಟೆಲ್ಲ ಮಾತಾಡಿದ್ದಕ್ಕೆ ಕಾರ್ಗೋ ಟರ್ಮಿನಲ್‌ನಲ್ಲಿ ಕೆಲಸ ಮಾಡೋ ಸ್ನೇಹಿತನೊಬ್ಬ ನನ್ನನ್ನು ಚೆನ್ನಾಗಿ ಜಾಡಿಸಿದ. “ಪರ್ಮಿಟ್ ಪರ್ಮಿಟ್ ಅಂತೀಯ. ಸರಕಿನ ವಿಮಾನಕ್ಕೆ ಬರಬೇಡ ಅಂದವರಾರು? ಬರ್ತಾವೆ. ನರಸಾಪುರದಲ್ಲಿ ಮಾಡಿದ ಫೋನು ತುಂಬಿಕೊಂಡು ಹೋಗ್ತಾವೆ. ಕೆಜಿಗೆ ಅವರು ಕೊಡೋದನ್ನ ನೀನು ಕೊಡ್ತೀಯಾ?” ಕೊಡೋಕಾಗಲ್ಲ. ಕೋಲಾರದ ಫೋನು, ಚಿಕ್ಕಬಳ್ಳಾಪುರದ ಗುಲಾಬಿ ಒಂದೇ ಗೇಟಿನಲ್ಲಿ ಒಳಗೆ ಹೋಗ್ತಾವೆ, ಒಂದೇ ಎಕ್ಸ್‌ರೇಯಲ್ಲಿ ಹಾಯ್ತಾವೆ. ಫೋನು ಎರಡು ದಿನ ಕಾದರೂ ಬಾಡಲ್ಲ, ಆದರೂ ಮೊದಲು ಹತ್ತೋದು ಅದೇ. ಹಾಗಾಗಿ ನನ್ನ ಹನ್ನೊಂದು ಬಾಕ್ಸಿಗೆ ಬರೀ ಒಪ್ಪಂದವೇ ಕಾರಣ ಅಂತ ಹೇಳಿದರೆ ಸುಳ್ಳಾಗುತ್ತೆ. ಹೊಟ್ಟೆಯ ಜಾಗ ಕಡಿಮೆ ಇದ್ದಾಗ ಬಡಪಾಯಿ ಸರಕು ಹೊರಗೆ ಬೀಳುತ್ತೆ. ಜಾಗ ಯಾಕೆ ಕಡಿಮೆ ಅಂತ ಕೇಳುತ್ತಾ ಹೋದರೆ ಆ ಪರ್ಮಿಟ್ಟಿನ ಹತ್ತಿರ ಬಂದು ನಿಲ್ತೀವಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಸೀಟಿನ ಲೆಕ್ಕ ಬೇರೆ, ಸರಕಿನ ಲೆಕ್ಕ ಬೇರೆ ಇಟ್ಟು ಮಾತಾಡಿ. ಫೆಬ್ರವರಿಯಲ್ಲಿ ಹದಿನೈದು ದಿನ ಬೆಂಗಳೂರಿಂದ ದೇಶದೊಳಗೂ ಹೊರಗೂ ಕೋಟಿಗಟ್ಟಲೆ ಗುಲಾಬಿ ಹೋಗುತ್ತೆ ಅಂತ ಪ್ರತಿವರ್ಷ ಪೇಪರಿನಲ್ಲಿ ಹೆಮ್ಮೆಯಿಂದ ಹಾಕ್ತೀರಿ. ಕ್ವಾಲಾಲಂಪುರ, ಸಿಂಗಪುರ, ಕುವೈತ್, ಮನಿಲಾ, ಶಾರ್ಜಾ ಅಂತ ಪಟ್ಟಿಯೂ ಇರುತ್ತೆ. ಆ ಹದಿನೈದು ದಿನಕ್ಕೆ ಇನ್ನಷ್ಟು ಹಾರಾಟ ಯಾರಾದರೂ ಕೇಳಿದರೆ ಕೊಡಿ. ಬೆಳಗಾವಿ, ಹುಬ್ಬಳ್ಳಿಗೂ ಬಾಗಿಲು ತೆಗೀರಿ. ಯಾವ ಕಂಪನಿಗೆ ಯಾವ ದೇಶದ ಹಕ್ಕು ಕೊಟ್ಟಿರಿ, ಅದರಲ್ಲಿ ಎಷ್ಟು ಸುಮ್ನೆ ಕೂತಿದೆ ಅಂತ ಬೆಳೆಗಾರನಿಗೂ ಅರ್ಥ ಆಗೋ ಹಾಗೆ ಹಾಕಿ.

ಕೊನೆಯದು ನಮ್ಮವರಿಗೆ. ಸಚಿವಾಲಯಕ್ಕೆ ಒಂದು ಕಾಗದ ಬರೆಯೋಣ ಅಂತ ಕೂತೆ. ಎರಡನೇ ಸಾಲಿಗೇ ನಿಂತಿತು. ‘ನಮ್ಮ ಜಿಲ್ಲೆಯಲ್ಲಿ ಈ ಸೀಸನ್ನಿನಲ್ಲಿ ಆಫ್‌ಲೋಡ್ ಆದ ಬಾಕ್ಸ್ ಒಟ್ಟು...’ ಅಂತ ಬರೆದು ಪೆನ್ನು ಕೆಳಗಿಟ್ಟೆ. ಆ ಲೆಕ್ಕ ಯಾರ ಹತ್ತಿರವೂ ಇಲ್ಲ. ಏಜೆಂಟ್ ಇಡಲ್ಲ, ಏರ್‌ಲೈನ್ಸ್ ಕೊಡಲ್ಲ, ನಾವು ಬೈದುಕೊಂಡು ಮರೀತೀವಿ. ಅದಕ್ಕೇ ನನ್ನದನ್ನು ಇಲ್ಲಿ ಹಾಕ್ತಿದ್ದೀನಿ. ಕಳಿಸಿದ್ದು 49 ಬಾಕ್ಸ್, ಹೋಗಿದ್ದು 38, ವಾಪಸ್ ಬಂದದ್ದು 11. ಶಿಡ್ಲಘಟ್ಟ, ದೊಡ್ಡಬಳ್ಳಾಪುರ, ಮಾಲೂರು ಕಡೆ ಹೂವು, ಕ್ಯಾಪ್ಸಿಕಂ, ಬೇಬಿ ಕಾರ್ನ್ ಕಳಿಸೋರು ನಿಮ್ಮದನ್ನೂ ಕೆಳಗೆ ಹಾಕಿ. ತಾರೀಕು, ಬಾಕ್ಸ್, ಎಷ್ಟು ಗಂಟೆ ಹೊರಗಿತ್ತು. ಏರ್‌ಲೈನ್ಸ್ ಹೆಸರು ಬೇಡ.