ಉಗುರಿಗಿಂತ ಚಿಕ್ಕದೊಂದು ಕೊಕ್ಕೆಗಾಗಿ

ಹುಬ್ಬಳ್ಳಿಯಿಂದ ಪುಣೆಗೆ ಬಂದು ನೆಲೆಸಿದ ನಮ್ಮ ತಂದೆಯವರಿಂದ ನನಗೆ ಬಂದ ಹಳೆಯ ಪಾಯಿಂಟ್ 22 ಜರ್ಮನ್ ರೈಫಲಿನ ಎಕ್ಸ್‌ಟ್ರಾಕ್ಟರ್ ಸವೆದು ಎರಡು ವರ್ಷಗಳಾದವು. ಅಂಚಿಗೆ ಪೆಟ್ಟು ಬಿದ್ದಾಗ ಸಿಡಿಯುವ ರಿಮ್‌ಫೈರ್ ತೋಟಾದ ಅಂಚನ್ನು ಹಿಡಿದು ಹೊರಗೆಳೆಯುವ ಆ ಕೊಕ್ಕೆ ಉಗುರಿಗಿಂತ ಚಿಕ್ಕದು. ಆದರೆ ಅದು ಜಾರಿದರೆ ಖಾಲಿ ತೋಟಾ ನಳಿಕೆಯಲ್ಲೇ ಉಳಿಯುತ್ತದೆ, ಮತ್ತು 50 ನಿಮಿಷಗಳಲ್ಲಿ 60 ಗುಂಡುಗಳನ್ನು ಹಾರಿಸಬೇಕಾದ ಪ್ರೋನ್ (ಬೋರಲು ಮಲಗಿ ಗುರಿಯಿಡುವ) ಸ್ಪರ್ಧೆಯಲ್ಲಿ ಪ್ರತಿ ಸಲವೂ ಅದನ್ನು ಕಡ್ಡಿಯಿಂದ ಕೆದಕುತ್ತ ಕೂರಲಾಗದು. ಇಷ್ಟು ಸಣ್ಣ ತುಂಡನ್ನು ಪುಣೆಯ ಪಕ್ಕದ ಕೈಗಾರಿಕಾ ಪ್ರದೇಶವಾದ ಭೋಸರಿಯ ಯಾವ ಲೇಥಿನವರಾದರೂ ಮಾಡಿಕೊಟ್ಟಾರು ಎಂದುಕೊಳ್ಳಬಹುದು. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯು ಬಿಡಿಭಾಗಗಳನ್ನೂ ಆಯುಧವೆಂದೇ ಎಣಿಸುವುದರಿಂದ ಪರವಾನಗಿಯಿಲ್ಲದೆ ಅದನ್ನು ಮಾಡುವಂತಿಲ್ಲ, ಹೊರದೇಶದಿಂದ ತರಿಸುವಂತೆಯೂ ಇಲ್ಲ. ರೈಫಲನ್ನೇ ಬದಲಿಸಿ ಎನ್ನುತ್ತಾರೆ ಅಂಗಡಿಯವರು. ನಳಿಕೆ ಇಂದಿಗೂ ಗುರಿ ತಪ್ಪದಿರುವಾಗ ನಾನೇಕೆ ಬದಲಿಸಬೇಕು?